ಕ್ಯಾಡಿ ಶುಲ್ಕ ಸೇರಿದೆ, ಟಿಪ್ ಸೇರಿಲ್ಲ

ಥಾಯ್ಲೆಂಡಿನ ಹುವಾ ಹಿನ್‌ಗೆ ಗಾಲ್ಫ್ ಆಡಲು ಹೋಗುವ ನಮ್ಮ ಪ್ಲಾನು ಈಗ ಒಂದು ಎಕ್ಸೆಲ್ ಶೀಟ್ ಆಗಿದೆ. ಬ್ಯಾಂಕಿನಿಂದ ರಿಟೈರ್ ಆದ ಗೆಳತಿ ಗುಂಪಿನಲ್ಲಿದ್ದರೆ ಹೀಗೇ ಆಗೋದು. ಅವಳ ಕೈಗೆ ಯಾವ ವಿಷಯ ಸಿಕ್ಕರೂ ಅದಕ್ಕೆ ಅಡ್ಡ ಗೆರೆ, ಉದ್ದ ಗೆರೆ ಬೀಳುತ್ತವೆ. ವಿಮಾನದ ಟಿಕೆಟ್ಟು, ಹೋಟೆಲ್ಲು, ವ್ಯಾನು, ಕೋರ್ಸಿನಲ್ಲಿ ಆಡಲು ಕೊಡುವ ಗ್ರೀನ್ ಫೀ, ಕಾರ್ಟು, ಇನ್ಶೂರೆನ್ಸು, ಎಲ್ಲಕ್ಕೂ ಒಂದೊಂದು ಸಾಲು. ಟ್ರಾವೆಲ್ ಏಜೆಂಟ್ ಕಳಿಸಿದ ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕ್ಯಾಡಿ ಶುಲ್ಕ ಸೇರಿದೆ, ಟಿಪ್ ಸೇರಿಲ್ಲ’ ಅಂತ ಇತ್ತು. ಕ್ಯಾಡಿ ಅಂದರೆ ಆಟಗಾರರ ಬ್ಯಾಗ್ ನೋಡಿಕೊಂಡು ಜೊತೆಗೆ ಬರುವವರು. ಅದಕ್ಕೂ ಒಂದು ಸಾಲು ಬಂತು. ಅದರ ಪಕ್ಕದಲ್ಲಿ ನಮ್ಮಲ್ಲೇ ಒಬ್ಬರು ‘300 ಬಾತ್ ಸಾಕಲ್ವಾ?’ ಅಂತ ಬರೆದರು. ಬಾತ್ ಅಂದರೆ ಅಲ್ಲಿನ ದುಡ್ಡು. ಅಲ್ಲಿಂದ ಶುರುವಾದ ಚರ್ಚೆ ವಾಟ್ಸಾಪ್‌ನಲ್ಲಿ ಇನ್ನೂ ನಿಂತಿಲ್ಲ. ಸಮುದ್ರ ಕಾಣುವ ರೂಮಿಗೆ ರಾತ್ರಿಗೆ ಎಷ್ಟು ಜಾಸ್ತಿ ಕೊಡಬೇಕು ಅನ್ನೋದು ಒಂದು ಕಾಫಿ ಕುಡಿಯೋದರೊಳಗೆ ತೀರ್ಮಾನವಾಗಿತ್ತು. ಬಿಸಿಲಲ್ಲಿ ನಮ್ಮ ಜೊತೆ ಹದಿನೆಂಟು ಹೋಲ್ ನಡೆಯುವ ಹೆಂಗಸಿಗೆ ನೂರು ಬಾತ್ ಜಾಸ್ತಿ ಕೊಡಬೇಕಾ ಬೇಡವಾ ಅನ್ನೋದಕ್ಕೆ ಮಾತ್ರ ಇಷ್ಟು ಚರ್ಚೆ.

ನನಗೆ ಇದು ಕೊರೆಯುತ್ತಿರುವುದು ದುಡ್ಡಿನ ಕಾರಣಕ್ಕೆ ಮಾತ್ರ ಅಲ್ಲ. ಲೆಕ್ಕ ಹಾಕಿ ನೋಡಿ. ಹದಿನೆಂಟು ಹೋಲಿನ ಒಂದು ರೌಂಡ್ ಅಂದರೆ ನಾಲ್ಕೂವರೆ ಗಂಟೆ, ಒಮ್ಮೊಮ್ಮೆ ಐದು. ಥಾಯ್ಲೆಂಡಿನ ಕೋರ್ಸುಗಳಲ್ಲಿ ಒಬ್ಬ ಆಟಗಾರನಿಗೆ ಒಬ್ಬ ಕ್ಯಾಡಿ ಕಡ್ಡಾಯ ಅನ್ನೋದು ಹೆಚ್ಚುಕಡಿಮೆ ಎಲ್ಲ ಕಡೆಯ ರೂಢಿ. ಅವರಲ್ಲಿ ಬಹುಪಾಲು ಹೆಂಗಸರೇ. ಅಂದರೆ ಈ ರಜೆಯಲ್ಲಿ ನಾನು ಎಚ್ಚರ ಇರುವಷ್ಟು ಹೊತ್ತಿನಲ್ಲಿ ಅತಿ ಹೆಚ್ಚು ಕಾಲ ಕಳೆಯುವುದು ಕ್ಯಾಡಿಯ ಜೊತೆ. ರೂಮ್‌ಮೇಟ್ ಜೊತೆಗಲ್ಲ, ಸಮುದ್ರದ ಜೊತೆಗಂತೂ ಅಲ್ಲವೇ ಅಲ್ಲ. ಆ ದೇಶದಲ್ಲಿ ನಾನು ನಿಜವಾಗಿ ಮಾತಾಡಿಸುವ ಒಬ್ಬಳೇ ಮನುಷ್ಯಳು ಅವಳು ಅಂದರೂ ತಪ್ಪಿಲ್ಲ. ನಮ್ಮ ಶೀಟಿನಲ್ಲಿ ಅವಳಿರುವುದು ಮಾತ್ರ ಇನ್ಶೂರೆನ್ಸಿನ ಕೆಳಗೆ, ‘ಇತರೆ’ಯ ಮೇಲೆ.

ಯಾರೂ ನಂಬಲ್ಲ

ಗಂಡಸರು ಗುಂಪು ಕಟ್ಟಿಕೊಂಡು ‘ಥಾಯ್ಲೆಂಡ್‌ಗೆ ಗಾಲ್ಫ್ ಆಡೋಕೆ ಹೋಗ್ತಿದೀವಿ’ ಅಂದರೆ ಕೇಳಿದವರ ಮುಖದ ಮೇಲೆ ಒಂದು ನಗು ಬರುತ್ತದೆ. ಎಂಥ ನಗು ಅಂತ ನಿಮಗೇ ಗೊತ್ತು. ನಾವು ನಾಲ್ಕು ಹೆಂಗಸರು ಅದೇ ಮಾತು ಹೇಳಿದರೆ ಬರುವ ನಗು ಬೇರೆ. ‘ಓ, ಶಾಪಿಂಗಾ?’ ಅಂತಾರೆ. ನಮ್ಮ ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ‘ಬ್ಯಾಂಕಾಕಿನಲ್ಲಿ ಎರವಾನ್ ಅಂತ ಇದೆಯಂತೆ, ನಾಲ್ಕು ತಲೆ ಬ್ರಹ್ಮ. ನಮ್ಮಲ್ಲೇ ಬ್ರಹ್ಮನಿಗೆ ಗುಡಿ ಇಲ್ಲ, ಅಲ್ಲಾದರೂ ನಮಸ್ಕಾರ ಹಾಕಿ ಬನ್ನಿ’ ಅಂದರು. ಗಾಲ್ಫ್ ಆಡೋಕೆ ಹೋಗ್ತಾರೆ ಅಂತ ಮಾತ್ರ ಯಾರೂ ನಂಬಲಿಲ್ಲ. ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸಿನ ಜೊತೆಗೇ ಇರುವ ನಮ್ಮ ಮೈಸೂರಿನ ಕೋರ್ಸಿಗೆ ವಾರದಲ್ಲಿ ಎಷ್ಟೋ ಬೆಳಗ್ಗೆ ನಾವು ಹೋಗುವುದನ್ನು ನೋಡಿದವರೇ ನಂಬಲಿಲ್ಲ.

ಕ್ಯಾಡಿ ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿದ್ದು ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರಕ್ಕೆ ಹೋಗಿ ನಾಲ್ಕನೆಯವಳಾದಳಲ್ಲ, ಆಗ ಅವಳ ಬ್ಯಾಗ್ ಹೊತ್ತಿದ್ದು ಅವಳ ಅಮ್ಮ ಮಹೇಶ್ವರಿ. ಅದಕ್ಕೂ ಹಿಂದೆ ರಿಯೋದಲ್ಲಿ ಅಪ್ಪ ಹೊತ್ತಿದ್ದರು. ಗಾಲ್ಫಿನ ಗಂಧಗಾಳಿ ಇಲ್ಲದ ನಮ್ಮ ಅತ್ತೆ ಆ ದಿನ ಟಿವಿ ಮುಂದೆ ಕೂತು, ‘ಪಾಪ, ಆ ತಾಯಿ ಬಿಸಿಲಲ್ಲಿ ಅಷ್ಟು ಭಾರ ಹೊರಬೇಕಾ?’ ಅಂದಿದ್ದರು. ಸ್ಕೋರ್ ಅವರಿಗೆ ಬೇಕಿರಲಿಲ್ಲ. ಬ್ಯಾಗ್ ಹೊತ್ತವರು ಯಾರು ಅನ್ನೋದು ಮೊದಲು ಕಂಡದ್ದು ಅವರಿಗೆ.

ನಮ್ಮ ಗುಂಪಿನ ಡಾಕ್ಟರಿಗೆ ಈ ಟ್ರಿಪ್ಪಿನ ಹುಚ್ಚು ಹಿಡಿಸಿದ್ದೂ ಹೆಣ್ಣುಮಕ್ಕಳ ಗಾಲ್ಫೇ. ಅಮೆರಿಕದ ಹೆಂಗಸರ ವೃತ್ತಿಪರ ಗಾಲ್ಫ್ ಸಂಸ್ಥೆ ಎಲ್‌ಪಿಜಿಎಯ ಥಾಯ್ಲೆಂಡ್ ಟೂರ್ನಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಪಟ್ಟಾಯ ಹತ್ತಿರದ ಸಯಾಮ್ ಕಂಟ್ರಿ ಕ್ಲಬ್ಬಿನಲ್ಲಿ ನಡೆಯುತ್ತದೆ. ಅದನ್ನು ನೋಡಿಕೊಂಡೇ ಆಡೋಣ ಅನ್ನೋದು ಅವಳ ಆಸೆ. ಆಸೆಯಲ್ಲಿ ತಪ್ಪೇನಿಲ್ಲ. ಥಾಯ್ ಹುಡುಗಿಯರು ಈ ಆಟದಲ್ಲಿ ಮಾಡಿರೋದು ಸಣ್ಣ ಕೆಲಸ ಅಲ್ಲ. ಆರಿಯಾ ಜುತನುಗಾನ್ 2016ರಲ್ಲಿ ಹೆಂಗಸರ ಬ್ರಿಟಿಷ್ ಓಪನ್, 2018ರಲ್ಲಿ ಹೆಂಗಸರ ಅಮೆರಿಕದ ಓಪನ್ ಗೆದ್ದಳು. ಅತ್ತಾಯ ತಿತಿಕುನ್ 2022ರಲ್ಲಿ ವಿಶ್ವದ ನಂಬರ್ 1 ಆದಾಗ ಅವಳಿಗಿನ್ನೂ 19. ಅವಳು ಹುಟ್ಟಿದ ರಾಚಬುರಿ ಬ್ಯಾಂಕಾಕಿನಿಂದ ಹುವಾ ಹಿನ್‌ಗೆ ಹೋಗುವ ರೈಲು ದಾರಿಯಲ್ಲೇ ಸಿಗುತ್ತದೆ. ‘ಹಾಗಾದರೆ ರೈಲಲ್ಲೇ ಹೋಗೋಣ, ರಾಚಬುರಿ ಸ್ಟೇಷನ್ ಆದರೂ ನೋಡಬಹುದು’ ಅಂದಳು ಡಾಕ್ಟರು. ನಾಲ್ಕು ಗಾಲ್ಫ್ ಬ್ಯಾಗು, ನಾಲ್ಕು ಸೂಟ್‌ಕೇಸು ಇಟ್ಟುಕೊಂಡು ರೈಲು ಹತ್ತುವ ಚಿತ್ರ ಕಣ್ಣ ಮುಂದೆ ಬಂದ ಮೇಲೆ ಆ ಮಾತು ತಾನಾಗಿ ಬಿದ್ದುಹೋಯಿತು.

ಒಂದೇ ಊರು ಸಾಕು

ಮೊದಲು ಬಂದ ಪ್ಲಾನುಗಳನ್ನೆಲ್ಲ ನೋಡಿದರೆ ತಲೆ ತಿರುಗುತ್ತಿತ್ತು. ಬ್ಯಾಂಕಾಕಿನಲ್ಲಿ ಎರಡು ಕೋರ್ಸು, ಪಟ್ಟಾಯದಲ್ಲಿ ಎರಡು, ಆಮೇಲೆ ವಿಮಾನ ಹಿಡಿದು ಫುಕೆಟ್. ಏಜೆಂಟರಿಗೆ ಇಂಥ ಪ್ಲಾನ್ ಇಷ್ಟ. ನೋಡೋಕೆ ತುಂಬಿ ತುಳುಕುತ್ತದೆ. ಆದರೆ ಗಾಲ್ಫ್ ಟ್ರಿಪ್ಪಿನಲ್ಲಿ ಪ್ರತಿ ಊರು ಬದಲಾವಣೆಗೂ ಒಂದು ಬೆಳಗ್ಗೆ ಬಲಿ ಕೊಡಬೇಕು. ಉಷ್ಣದ ದೇಶದಲ್ಲಿ ಬೆಳಗ್ಗೆ ಹೋಯಿತು ಅಂದರೆ ಗಾಲ್ಫ್ ಹೋದ ಹಾಗೇ. ಹತ್ತೂವರೆಯ ಮೇಲೆ ಆಡೋದು ಆಟ ಅಲ್ಲ, ಶಿಕ್ಷೆ. ಮಧ್ಯಾಹ್ನ ಎರಡರ ಮೇಲೆ ಶುರು ಮಾಡಿದರೆ ಹದಿನೆಂಟು ಮುಗಿಯುವ ಹೊತ್ತಿಗೆ ಕತ್ತಲಾಗಿಬಿಡುತ್ತದೆ. ಅಲ್ಲಿ ಸಂಜೆ ಅನ್ನೋದು ತುಂಬ ಹೊತ್ತು ಇರಲ್ಲ. ಆದ್ದರಿಂದ ನಾನು ಹೇಳಿದ್ದು ಒಂದೇ ಮಾತು: ಊರು ಒಂದು, ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ಆರೂವರೆ ಆಸುಪಾಸು, ವಾರಾಂತ್ಯ ಬೇಡ, ಮಧ್ಯದಲ್ಲಿ ಎಲ್ಲೂ ಹೋಗದ ದಿನ ಇರಲೇಬೇಕು. ಕೋರ್ಸುಗಳ ಹೆಸರು ಆಮೇಲೆ ನೋಡೋಣ.

ತಿಂಗಳು ಆರಿಸುವಾಗಲೂ ಜನ ‘ಥಾಯ್ಲೆಂಡಿನಲ್ಲಿ ಮಳೆಗಾಲ ಯಾವಾಗ?’ ಅಂತ ಒಂದೇ ಪ್ರಶ್ನೆ ಕೇಳುತ್ತಾರೆ. ಆ ದೇಶಕ್ಕೆ ಒಂದೇ ಮಳೆಗಾಲ ಇಲ್ಲ. ಫುಕೆಟ್ ಅಂಡಮಾನ್ ಸಮುದ್ರದ ಕಡೆಗಿದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರು ಅಲ್ಲಿ ನೇರವಾಗಿ ಬಂದು ಬಡಿಯುತ್ತದೆ. ಕೊಲ್ಲಿಯ ಕಡೆ ಇರುವ ಸಮುಯಿ ದ್ವೀಪಕ್ಕೆ ದೊಡ್ಡ ಮಳೆ ನವೆಂಬರಿನಲ್ಲಿ. ಹುವಾ ಹಿನ್ ಇರುವುದು ಬರ್ಮಾ ಗಡಿಯ ಬೆಟ್ಟಸಾಲಿನ ಈಚೆ ಬದಿ. ನಮಗೆ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಆಚೆ ಮಂಗಳೂರು ತೊಯ್ದು ತೊಪ್ಪೆಯಾಗುವಾಗ ಈಚೆ ನಾವು ಮೋಡ ಮಾತ್ರ ನೋಡ್ತೀವಲ್ಲ, ಹಾಗೇ. ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರಿನಿಂದ ನವೆಂಬರ್ ನಡುವೆ. ಡಿಸೆಂಬರ್, ಜನವರಿ, ಫೆಬ್ರವರಿ ಆರಾಮ. ಆದರೆ ಆಗ ಕೊರಿಯಾದವರು, ಯುರೋಪಿನ ಚಳಿ ತಪ್ಪಿಸಿಕೊಂಡು ಬರುವವರು ಎಲ್ಲ ಅಲ್ಲೇ ಇರುತ್ತಾರೆ. ಗ್ರೀನ್ ಫೀ ಏರುತ್ತದೆ, ಬೆಳಗಿನ ಟೀ ಟೈಮ್ ಮುಂಚೆಯೇ ಹಿಡಿಯಬೇಕು. ಜೂನ್ ಜುಲೈನಲ್ಲಿ ಅಗ್ಗ. ಮಳೆ ಬಂದರೂ ಒಂದೆರಡು ಗಂಟೆ ಬಂದು ಹೋಗುತ್ತದೆ. ನನ್ನ ಕೇಳಿದರೆ ಜೂನ್ ಅಂತಲೇ ಹೇಳುತ್ತಿದ್ದೆ. ಗುಂಪಿನ ನಾಲ್ಕನೆಯವಳು ನನ್ನ ಅತ್ತಿಗೆ. ಅವಳಿಗೆ ಗುಡುಗು ಅಂದರೆ ಭಯ, ಆದ್ದರಿಂದ ಫೆಬ್ರವರಿ.

ಹುವಾ ಹಿನ್ ಅಂದರೆ ಬರೀ ಕೋರ್ಸುಗಳ ಊರಲ್ಲ. ಬ್ಯಾಂಕಾಕಿನಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ, ರೈಲು ಬಂದಿದ್ದರಿಂದ ಬೆಳೆದ ಊರು. ಅಲ್ಲಿನ ರಾಯಲ್ ಹುವಾ ಹಿನ್ ಕೋರ್ಸ್ ಶುರುವಾಗಿದ್ದು 1924ರಲ್ಲಿ. ಥಾಯ್ಲೆಂಡಿನ ಮೊದಲ ದೊಡ್ಡ ಗಾಲ್ಫ್ ಕೋರ್ಸ್ ಅದೇ ಅಂತಾರೆ. ವಿನ್ಯಾಸ ಮಾಡಿದವನು ರೈಲ್ವೆಯಲ್ಲಿದ್ದ ರಾಬಿನ್ಸ್ ಅನ್ನೋ ಸ್ಕಾಟ್ಲೆಂಡಿನ ಎಂಜಿನಿಯರ್. ಬ್ಯಾಂಕಾಕಿನ ದೊಡ್ಡವರು ರೈಲಲ್ಲಿ ಬಂದು, ರೈಲ್ವೆ ಹೋಟೆಲಿನಲ್ಲಿ ಇಳಿದು, ಸ್ಟೇಷನ್ನಿನ ಹಿಂದೆಯೇ ಆಡಿ ಹೋಗಲಿ ಅನ್ನೋ ಲೆಕ್ಕ. ಈಗಲೂ ಹಳೆಯ ಮರದ ಸ್ಟೇಷನ್ ಹಾಗೇ ಇದೆ. ಪಕ್ಕದಲ್ಲಿ ಎತ್ತರದ ಕಂಬಗಳ ಮೇಲೆ ಹೊಸ ಸ್ಟೇಷನ್ ಬಂದಿದೆ. 1932ರ ಜೂನ್ 24ರಂದು ಬ್ಯಾಂಕಾಕಿನಲ್ಲಿ ಕ್ರಾಂತಿಯಾಗಿ ರಾಜನ ಕೈಯಿಂದ ಪೂರ್ಣ ಅಧಿಕಾರ ಹೋಯಿತಲ್ಲ, ಆಗ ದೊರೆ ಪ್ರಜಾಧಿಪೋಕ್ ಇದೇ ಊರಿನ ತನ್ನ ಅರಮನೆಯಲ್ಲಿದ್ದ. ಸುದ್ದಿ ಬಂದಾಗ ಅವನು ಗಾಲ್ಫ್ ಆಡುತ್ತಿದ್ದ ಅನ್ನೋ ಕಥೆ ಎಲ್ಲರ ಬಾಯಲ್ಲೂ ಇದೆ. ಎಷ್ಟನೇ ಹೋಲ್ ಅಂತಲೂ ಹೇಳುವವರಿದ್ದಾರೆ. ಅವನ ಬ್ಯಾಗ್ ಹಿಡಿದಿದ್ದವರು ಯಾರು ಅಂತ ಮಾತ್ರ ನಾನು ಓದಿದ ಕಡೆ ಎಲ್ಲೂ ಇಲ್ಲ.

ಸುತ್ತಮುತ್ತ ಹೊಸ ಕೋರ್ಸುಗಳು ಬೇಕಾದಷ್ಟಿವೆ. ಬ್ಲ್ಯಾಕ್ ಮೌಂಟನ್ ಇದೆ, ಅಲ್ಲಿ ದೊಡ್ಡ ಟೂರ್ನಿಗಳು ನಡೆದಿವೆ. ಅನಾನಸ್ ತೋಟವಿದ್ದ ಜಾಗದಲ್ಲಿ ಎದ್ದ ಬನ್ಯನ್ ಇದೆ. ಚಾ-ಆಮ್ ಕಡೆ ಹೆಸರಾಂತ ಆಟಗಾರ ಜಾಕ್ ನಿಕ್ಲಾಸ್ ವಿನ್ಯಾಸದ ಸ್ಪ್ರಿಂಗ್‌ಫೀಲ್ಡ್ ಇದೆ. ನಮ್ಮಂಥ ಸಾಧಾರಣ ಆಟದವರಿಗೆ ಯಾವುದಾದರೂ ಒಂದೇ. ನೀರಿಗೆ ಹೋಗುವ ಚೆಂಡು ಯಾರು ವಿನ್ಯಾಸ ಮಾಡಿದ ಕೆರೆಗಾದರೂ ಹೋಗುತ್ತದೆ.

ಸೈರನ್ ಕೂಗಿದ ಮೇಲೆ

ಹಿಂದೊಮ್ಮೆ ಹುವಾ ಹಿನ್‌ಗೆ ಹೋಗಿದ್ದು ಮಳೆ ಶುರುವಾಗುವ ಹೊತ್ತಿನಲ್ಲಿ. ರಾಯಲ್ ಕೋರ್ಸಿನಲ್ಲಿ ನನಗೆ ಬಂದ ಕ್ಯಾಡಿ ನನಗಿಂತ ಸ್ವಲ್ಪ ಚಿಕ್ಕವಳು. ಸ್ವಲ್ಪ ಅಂತ ಅಂದಾಜು ಅಷ್ಟೇ, ಯಾಕೆಂದರೆ ಕಣ್ಣೆರಡು ಬಿಟ್ಟರೆ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಕುತ್ತಿಗೆ, ಕಿವಿ ಮುಚ್ಚುವ ಬಟ್ಟೆ, ಅದರ ಮೇಲೆ ಅಗಲ ಅಂಚಿನ ಟೋಪಿ, ಮಣಿಕಟ್ಟಿನವರೆಗೆ ತೋಳು, ಕೈಗವಸು. ಬಿಸಿಲಿಗೆ ಕಪ್ಪಾಗಬಾರದು ಅನ್ನೋ ಎಚ್ಚರ ಅಲ್ಲೂ ನಮ್ಮಷ್ಟೇ ಇದೆ. ಎದೆಯ ಮೇಲೆ ನಂಬರು. ಎಡಗೈಯ ಗವಸು ತೆಗೆದಾಗ ಮಣಿಕಟ್ಟಿನಲ್ಲಿ ಬಿಳಿ ದಾರದ ಎಳೆಗಳು ಕಂಡವು. ಬೌದ್ಧ ಭಿಕ್ಷುಗಳು ಹರಸಿ ಕಟ್ಟುವ ದಾರ. ಕೊಳೆಯಾಗಿ ಬೂದಿ ಬಣ್ಣಕ್ಕೆ ತಿರುಗಿದ್ದರೂ ಬಿಚ್ಚಿರಲಿಲ್ಲ.

ಅವಳ ಕೆಲಸ ನೋಡುವುದೇ ಒಂದು ಚಂದ. ರಂಧ್ರವಿರುವ ನುಣುಪು ಹುಲ್ಲಿನ ಜಾಗ, ಅಂದರೆ ಗ್ರೀನ್, ನಾನು ತಲುಪುವ ಮೊದಲೇ ಅವಳು ಅಲ್ಲಿರುತ್ತಿದ್ದಳು. ಚೆಂಡಿನ ಜಾಗಕ್ಕೆ ಗುರುತು ಇಟ್ಟು, ಚೆಂಡು ಎತ್ತಿ, ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಟವೆಲಿನಲ್ಲಿ ಎರಡು ಸುತ್ತು ತಿರುಗಿಸಿ ಒರೆಸುತ್ತಿದ್ದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಚೆಂಡಿನ ಮೇಲಿನ ಗೆರೆ ಎಲ್ಲಿಗೆ ನೋಡಬೇಕೋ ಅಲ್ಲಿಗೆ ತಿರುಗಿಸಿ ಇಡುತ್ತಿದ್ದಳು. ‘ಒನ್ ಕಪ್ ರೈಟ್’, ಅಂದರೆ ರಂಧ್ರದ ಒಂದು ಅಗಲದಷ್ಟು ಬಲಕ್ಕೆ, ಅಷ್ಟೇ ಮಾತು. ಒಂದು ಕಡೆ ನನ್ನ ಕಣ್ಣಿಗೆ ನೆಲ ಸ್ಪಷ್ಟವಾಗಿ ಎಡಕ್ಕೆ ಎತ್ತರ ಇತ್ತು. ಅವಳು ಗೆರೆಯನ್ನು ಬಲಕ್ಕೆ ಇಟ್ಟಳು. ನಾನು ಎಡಕ್ಕೆ ಕೈ ತೋರಿಸಿದೆ. ಅವಳು ತಲೆಯಾಡಿಸಿ, ರಂಧ್ರದ ಅಂಚಿಗೆ ನನ್ನನ್ನು ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದಳು. ಒಂದು ಬದಿಯ ಹುಲ್ಲು ಚೂಪಾಗಿ, ಹಸಿರಾಗಿ ನಿಂತಿತ್ತು. ಇನ್ನೊಂದು ಬದಿಯದು ಸವೆದು, ಒಣಗಿ, ಅಂಚು ಹರಿದ ಹಾಗಿತ್ತು. ಹುಲ್ಲು ಬೆಳೆಯುವ ದಿಕ್ಕು ಆ ಸವೆದ ಬದಿಗೆ. ಉಷ್ಣದ ನಾಡಿನ ದಪ್ಪ ಹುಲ್ಲಿನಲ್ಲಿ ಚೆಂಡು ಇಳಿಜಾರಿಗಿಂತ ಹೆಚ್ಚಾಗಿ ಹುಲ್ಲಿನ ಮಾತು ಕೇಳುತ್ತದೆ ಅಂತ ನಾನು ಓದಿದ್ದೆ. ಕಣ್ಣಿಗೆ ಕಂಡಿದ್ದು ಅವತ್ತೇ. ಚೆಂಡು ರಂಧ್ರಕ್ಕೆ ಬಿತ್ತಾ ಅಂತ ಕೇಳಬೇಡಿ. ಅದು ಹುಲ್ಲಿನ ಕೈಯಲ್ಲೂ ಇರಲಿಲ್ಲ, ಕ್ಯಾಡಿ ಕೈಯಲ್ಲೂ ಇರಲಿಲ್ಲ.

ಕೊನೆಯ ಒಂಬತ್ತು ಹೋಲುಗಳಲ್ಲಿ ಎಲ್ಲೋ ಇದ್ದಾಗ ಸೈರನ್ ಕೂಗಿತು. ಮಿಂಚು ಹತ್ತಿರ ಬಂದಿದೆ, ಆಟ ನಿಲ್ಲಿಸಿ ಅಂತ ಅರ್ಥ. ಎಲ್ಲರೂ ಪಾನೀಯ ಮಾರುವ ಗೂಡಂಗಡಿಯ ಸೂರಿನ ಕೆಳಗೆ ಸೇರಿದೆವು. ಆಟಗಾರರು ಕುರ್ಚಿಯಲ್ಲಿ, ಕ್ಯಾಡಿಗಳು ಪಕ್ಕದ ಕಟ್ಟೆಯ ಮೇಲೆ. ಸೂರು ಒಂದೇ ಆದರೂ ನಡುವೆ ಒಂದು ಗೆರೆ ಎಳೆದ ಹಾಗೆ. ಮಳೆ ಜೋರಾದ ಮೇಲೆ ಕುರ್ಚಿಯ ಕಡೆ ಎರಚಲು ಹೊಡೆಯತೊಡಗಿತು. ನಾನು ಎದ್ದು ಕಟ್ಟೆಯ ಕಡೆ ಹೋದೆ. ಅವರು ಒತ್ತಿಕೊಂಡು ಜಾಗ ಮಾಡಿದರು. ಒಬ್ಬಳ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚಿದ ಕಾಯಿ ಮಾವು ಇತ್ತು, ಜೊತೆಗೆ ಮೆಣಸಿನಕಾಯಿ, ಉಪ್ಪು, ಸಕ್ಕರೆ ಬೆರೆಸಿದ ಪುಡಿಯ ಪುಟ್ಟ ಪೊಟ್ಟಣ. ನನ್ನ ಕಡೆ ಚಾಚಿದಳು. ಉಪ್ಪು ಖಾರ ಹಾಕಿದ ಮಾವಿನಕಾಯಿ ಹೇಗೆ ತಿನ್ನಬೇಕು ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ನಾನು ಹುಳಿಗೆ ಮುಖ ಹಿಂಡದೆ ತಿಂದಿದ್ದು ನೋಡಿ ಎಲ್ಲರೂ ಒಟ್ಟಿಗೆ ನಕ್ಕರು. ನನ್ನ ಕ್ಯಾಡಿ ಮುಖದ ಬಟ್ಟೆ ಕೆಳಗೆಳೆದಿದ್ದು ಆಗಲೇ. ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

ಆಮೇಲೆ ಫೋನ್ ಹೊರಗೆ ಬಂತು. ಅವಳು ಥಾಯ್‌ನಲ್ಲಿ ಮಾತಾಡುವುದು, ಫೋನ್ ಅದನ್ನು ಇಂಗ್ಲಿಷ್ ಮಾಡುವುದು, ನಾನು ಉತ್ತರ ಕೊಡುವುದು. ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಮೊದಲು ಇದೇ ತಾನೆ ಎಲ್ಲರೂ ಕೇಳುವುದು. ನನ್ನ ಗಂಡ ಯಾಕೆ ಬಂದಿಲ್ಲ ಅಂತ ಕೇಳಿದಳು. ಅವರಿಗೆ ಗಾಲ್ಫ್ ಬರಲ್ಲ ಅಂದೆ. ಆ ಉತ್ತರ ಅವಳಿಗೆ ಎಷ್ಟು ಹಿಡಿಸಿತು ಅಂದರೆ ಪಕ್ಕದವಳಿಗೆ, ಅದರ ಪಕ್ಕದವಳಿಗೆ ಹೇಳಿ ಹೇಳಿ ನಕ್ಕಳು. ನಾನು ಅವಳ ಕೆಲಸದ ಬಗ್ಗೆ ಕೇಳಿದೆ. ತಿಂಗಳಿಗೆ ಇಷ್ಟು ಅಂತ ಸಂಬಳ ಇಲ್ಲ. ನಂಬರಿನ ಸರದಿ ಪ್ರಕಾರ ಬರಬೇಕು, ರೌಂಡ್ ಸಿಕ್ಕರೆ ಕ್ಯಾಡಿ ಶುಲ್ಕ, ಮೇಲೆ ಟಿಪ್. ಸರದಿ ಬರದಿದ್ದರೆ ಬೆಳಗ್ಗೆಯಿಂದ ಕಾದು ಬರಿಗೈಯಲ್ಲಿ ಮನೆಗೆ. ಚಳಿಗಾಲದಲ್ಲಿ ಒಮ್ಮೊಮ್ಮೆ ದಿನಕ್ಕೆ ಎರಡು ರೌಂಡ್ ಆಗುತ್ತದಂತೆ. ಮಳೆಗಾಲದಲ್ಲಿ ಹೇಳೋಕಾಗಲ್ಲ. ಕೋವಿಡ್ ಹೊತ್ತಿನಲ್ಲಿ ಏನು ಮಾಡಿದೆ ಅಂತ ಕೇಳಿದ್ದಕ್ಕೆ ಫೋನಿಗೆ ಏನೋ ಹೇಳಿದಳು. ಪರದೆಯ ಮೇಲೆ ಬಂದಿದ್ದು ‘ಅಕ್ಕನ ಜೊತೆ ಮೀನು ಒಣಗಿಸಿದೆ’ ಅಂತ. ಮಳೆ ನಿಲ್ಲುವ ಹೊತ್ತಿಗೆ ಅವಳು ಬಟ್ಟೆ ಮತ್ತೆ ಮೂಗಿನ ಮೇಲೆಳೆದುಕೊಂಡು ನನ್ನ ಗ್ರಿಪ್ಪುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.

300, 400, ಇನ್ನೂ ಜಾಸ್ತಿ

ಹೀಗಾಗಿ ಶೀಟಿನ ಆ ಸಾಲು ನೋಡಿದಾಗಲೆಲ್ಲ ನನಗೆ ಕಿರಿಕಿರಿ. ಒಂದು ಬಾತ್ ಅಂದರೆ ಎರಡೂವರೆ ರೂಪಾಯಿಗೂ ಸ್ವಲ್ಪ ಮೇಲೆ. ಕ್ಯಾಡಿ ಶುಲ್ಕ ಸಾಮಾನ್ಯವಾಗಿ 300, 400 ಬಾತ್ ಆಸುಪಾಸು. ಟಿಪ್ ಕೂಡ ಅಷ್ಟೇ, ಇಲ್ಲವೇ ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಡುವುದು ವಾಡಿಕೆ. ಗ್ರೀನ್ ಫೀ ಕೋರ್ಸ್ ನೋಡಿಕೊಂಡು ಎರಡು ಸಾವಿರದಿಂದ ಮೇಲಕ್ಕೆ ಎಷ್ಟಾದರೂ ಹೋಗುತ್ತದೆ. ಅದರ ಮುಂದೆ ನಮ್ಮ ಜಗಳ ನೂರು ಬಾತಿನದು. ಒಬ್ಬೊಬ್ಬರ ವಾದವೂ ಒಂದೊಂದು ಥರ. ಬ್ಯಾಂಕಿನ ಗೆಳತಿಯದು ಬಜೆಟ್ ವಾದ: ‘ಎಲ್ಲ ರೌಂಡಿಗೂ ಕೂಡಿಸಿ ನೋಡೇ, ಸಣ್ಣ ಮೊತ್ತ ಅಲ್ಲ.’ ಅತ್ತಿಗೆಯದು ಊರಿನ ಲೆಕ್ಕ: ‘ಇಲ್ಲಿ ನಾವು ಎಷ್ಟು ಕೊಡ್ತೀವಿ? ಅಲ್ಲಿ ಮಾತ್ರ ಯಾಕೆ ದೊಡ್ಡಸ್ತಿಕೆ?’ ಈ ಮಾತು ನನಗೆ ಸ್ವಲ್ಪ ಚುಚ್ಚಿತು, ಯಾಕೆಂದರೆ ಅದರಲ್ಲಿ ನಿಜ ಇದೆ. ಮೈಸೂರಿನಲ್ಲಿ ನನ್ನ ಬ್ಯಾಗ್ ಎತ್ತುವವರ ಮನೆ ಎಲ್ಲಿ, ಮಗ ಯಾವ ಕಾಲೇಜು ಅಂತ ನನಗೆ ಗೊತ್ತು. ದಸರಾಗೆ ಸ್ವೀಟ್ ಬಾಕ್ಸ್ ಕೊಡ್ತೀನಿ. ಆದರೆ ದಿನದ ಟಿಪ್ ವಿಷಯಕ್ಕೆ ಬಂದರೆ ಎಷ್ಟೋ ವರ್ಷದಿಂದ ಅದೇ ನೋಟು. ಹೊರದೇಶದಲ್ಲಿ ಧಾರಾಳ, ಮನೆ ಹತ್ತಿರ ಬಿಗಿ. ಇದು ನನ್ನೊಬ್ಬಳ ಗುಣ ಅಲ್ಲ ಅಂತ ಕ್ಲಬ್ಬಿನಲ್ಲಿ ಸುತ್ತ ನೋಡಿದರೆ ಗೊತ್ತಾಗುತ್ತದೆ.

ಡಾಕ್ಟರದು ಇನ್ನೊಂದು ವಾದ. ಚೆನ್ನಾಗಿ ಕೆಲಸ ಮಾಡಿದವಳಿಗೆ 500, ಸುಮ್ನೆ ನಿಂತವಳಿಗೆ 200. ಕೇಳೋಕೆ ನ್ಯಾಯವಾಗಿದೆ. ಆದರೆ ನಾನು ನೋಡಿದ ಮಟ್ಟಿಗೆ ಈ ತೂಕ ಹಾಕುವವರು ತೂಗುವುದು ಕ್ಯಾಡಿಯ ಕೆಲಸವನ್ನಲ್ಲ, ತಮ್ಮ ಸ್ಕೋರನ್ನು. ಬರ್ಡಿ ಬಂದು ಆಟ ಚೆನ್ನಾಗಿ ಆದ ದಿನ ಕೈ ಸಡಿಲ. ಮೂರು ಚೆಂಡು ನೀರಿಗೆ ಹೋದ ದಿನ ‘ಅವಳು ಲೈನ್ ಸರಿಯಾಗಿ ಹೇಳಲಿಲ್ಲ’. ನಾವು ಹೊಡೆದಿದ್ದಕ್ಕೆ ಅವಳ ಮನೆಯ ಅನ್ನ ಯಾಕೆ ಏರಿಳಿಯಬೇಕು? ಹಾಗಂತ ಸಾವಿರದ ನೋಟು ಬೀಸಿ ದೊಡ್ಡಸ್ತಿಕೆ ತೋರಿಸುವವರೂ ನನಗೆ ಸೇರಲ್ಲ. ನಾಲ್ವರದೂ ಒಂದೇ ಮೊತ್ತ ಇರಲಿ, ಹೊರಡುವ ಮೊದಲೇ ನಿಗದಿಯಾಗಲಿ, ರೌಂಡ್ ಮುಗಿದ ಮೇಲೆ ಅದರ ಬಗ್ಗೆ ಮಾತೇ ಬೇಡ ಅನ್ನೋದು ನನ್ನ ಹಟ. 400 ಅಂತ ಬರೆದಿದ್ದೇನೆ. ಮಳೆಯಲ್ಲಿ ಸಿಕ್ಕಿಕೊಂಡರೆ, ಇಲ್ಲವೇ ರೌಂಡ್ ತುಂಬ ಉದ್ದವಾದರೆ ಇನ್ನೊಂದು ನೂರು. ಎಟಿಎಂನಿಂದ ಬರೋದು ಹೆಚ್ಚಾಗಿ ದೊಡ್ಡ ನೋಟುಗಳೇ. ಅದಕ್ಕೇ ನೂರರ ನೋಟು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಟಿಪ್ಪನ್ನು ಕ್ಲಬ್ ಹೌಸಿನ ಬಿಲ್ಲಿಗೆ ಸೇರಿಸುವುದಲ್ಲ. ಬ್ಯಾಗ್ ಇಳಿಸುವ ಜಾಗದಲ್ಲಿ ಅವಳ ಕೈಗೇ ಕೊಡುವುದು.

ಹುಲ್ಲಿನ ಕೆಳಗಿನ ಜಮೀನು

ಇಷ್ಟೆಲ್ಲ ಬರೆಯುವಾಗ ಇನ್ನೊಂದು ಮಾತು ನುಂಗಿಕೊಳ್ಳಬಾರದು. ಥಾಯ್ಲೆಂಡಿನಲ್ಲಿ ಇಷ್ಟೊಂದು ಕೋರ್ಸುಗಳು ಎದ್ದಿದ್ದು 1980ರ ದಶಕದ ಕೊನೆ, 90ರ ದಶಕದ ಮೊದಲಿನ ದುಡ್ಡಿನ ಹೊಳೆಯಲ್ಲಿ. ನೀರು ಯಾರಿಗೆ, ಗದ್ದೆಗೋ ಗ್ರೀನಿಗೋ ಅನ್ನೋ ಪ್ರಶ್ನೆ ಅಲ್ಲೂ ಎದ್ದಿತ್ತು. ಏಷ್ಯಾದ ಪರಿಸರದವರು ಸೇರಿ 1993ರಲ್ಲಿ ಏಪ್ರಿಲ್ 29ನ್ನು ‘ಗಾಲ್ಫ್ ಬೇಡ’ ದಿನ ಅಂತ ಆಚರಿಸಿದ್ದರು. ಬ್ಯಾಂಕಾಕ್ ಹೊರವಲಯದ ಆಲ್ಪೈನ್ ಕೋರ್ಸಿನದು ಇನ್ನೂ ದೊಡ್ಡ ಕಥೆ. ಟೈಗರ್ ವುಡ್ಸ್ 2000ದಲ್ಲಿ ಅಲ್ಲಿ ಟೂರ್ನಿ ಗೆದ್ದಿದ್ದ. ಅವನ ತಾಯಿ ಥಾಯ್ಲೆಂಡಿನವರು, ಹಾಗಾಗಿ ಊರಿಗೆ ಊರೇ ಹಬ್ಬ. ಆ ಕೋರ್ಸ್ ಇರುವ ಜಮೀನು ಹಿಂದೆ ಒಬ್ಬ ಅಜ್ಜಿ ದೇವಸ್ಥಾನಕ್ಕೆ ಅಂತ ಬರೆದಿಟ್ಟಿದ್ದು. ಅದು ಕೈ ಬದಲಾಗಿ ಗಾಲ್ಫ್ ಕೋರ್ಸ್ ಆದ ಬಗ್ಗೆ ದಶಕಗಟ್ಟಲೆ ಕೇಸು ನಡೆದು, ಆಗ ಕಡತಕ್ಕೆ ಸಹಿ ಹಾಕಿದ ಅಧಿಕಾರಿ, ಆಮೇಲೆ ಮಂತ್ರಿಯೂ ಆದವರು, ಜೈಲಿಗೆ ಹೋದರು. ದೇವಸ್ಥಾನದ ಇನಾಂ ಜಮೀನಿನ ವ್ಯಾಜ್ಯ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೂ ಆ ಕೋರ್ಸನ್ನು ಪಟ್ಟಿಯಿಂದ ತೆಗೆಸಿದೆ. ಅದರಿಂದ ಏನೂ ಬದಲಾಗಲ್ಲ ಅಂತ ಗೊತ್ತು. ಒಟ್ಟಿನಲ್ಲಿ ಅಲ್ಲಿ ಆಡಲು ಮನಸ್ಸಿಲ್ಲ.

ಊಟದ ಬಗ್ಗೆ ನಮ್ಮ ಗುಂಪಿನಲ್ಲಿ ಕೋರ್ಸಿಗಿಂತ ಜಾಸ್ತಿ ಚರ್ಚೆ ಆಗಿದೆ. ಅದನ್ನೆಲ್ಲ ಇಲ್ಲಿ ಬರೆಯಲ್ಲ. ಅತ್ತಿಗೆ ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನಲ್ಲ. ಅಲ್ಲಿ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರದ ‘ಜೇ’ ಅನ್ನೋ ಬೋರ್ಡ್ ಇರುವ ಅಂಗಡಿ ಹುಡುಕಿದರೆ ಅವಳ ಚಿಂತೆ ಬಗೆಹರಿಯುತ್ತದೆ, ಅಲ್ಲಿ ಮೀನಿನ ಸಾಸೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ ‘ಬರೀ ತರಕಾರಿ’ ಅಂತ ಕೊಟ್ಟ ತಟ್ಟೆಯಲ್ಲೂ ಮೀನಿನ ಸಾಸ್ ಇರುತ್ತದೆ. ಇಷ್ಟು ಹೇಳಿದರೂ ಅವಳು ಚಟ್ನಿಪುಡಿ, ಅವಲಕ್ಕಿ, ಗೊಜ್ಜು ಕಟ್ಟಿಕೊಂಡೇ ಬರುತ್ತಾಳೆ. ಗಾಲ್ಫ್ ಬ್ಯಾಗಿನ ತೂಕದಲ್ಲಿ ಅದು ಅಡಗುತ್ತದೆ ಅನ್ನೋದು ಅವಳ ಯೋಜನೆ. ಏರ್‌ಲೈನಿನವರು ಗಾಲ್ಫ್ ಬ್ಯಾಗ್ ತೂಗುತ್ತಾರೆ ಅಂತ ಹೇಳಿದ್ದಕ್ಕೆ, ‘ಹಾಗಾದರೆ ಎರಡು ಕ್ಲಬ್ ಬಿಟ್ಟು ಬರ್ತೀನಿ, ನಂಗೆ ಹದಿನಾಲ್ಕು ಯಾಕೆ ಬೇಕು’ ಅಂದಳು. ಅದೂ ನಿಜವೇ. ಅವಳು ಎಲ್ಲ ಕಡೆಯೂ ಏಳನೇ ಐರನ್ ಅನ್ನೋ ಒಂದೇ ಕ್ಲಬ್ಬಿನಲ್ಲಿ ಹೊಡೆಯೋದು.

ಈಗ ಉಳಿದಿರುವ ತಕರಾರು ಕೊನೆಯ ದಿನದ್ದು. ನಮ್ಮ ವಾಪಸ್ ವಿಮಾನ ಬ್ಯಾಂಕಾಕಿನ ಡಾನ್ ಮುವಾಂಗ್‌ನಿಂದ. ಆ ವಿಮಾನ ನಿಲ್ದಾಣದ ಎರಡು ರನ್‌ವೇಗಳ ನಡುವೆಯೇ ವಾಯುಪಡೆಯವರದೊಂದು ಹದಿನೆಂಟು ಹೋಲಿನ ಕೋರ್ಸಿದೆ. ಸುಳ್ಳಲ್ಲ, ರನ್‌ವೇಗಳ ನಡುವೆಯೇ. ವಿಮಾನ ಇಳಿಯುವಾಗ ಗಾಲ್ಫ್ ಆಡುವವರಿಗೆ ಕೆಂಪು ದೀಪ ಬೀಳುತ್ತದೆ, ನಿಲ್ಲಬೇಕು. ಅದು ಡಾಕ್ಟರ ಕಿವಿಗೆ ಬಿದ್ದಿದ್ದೇ ತಡ, ಹೊರಡುವ ದಿನ ಬೆಳಗ್ಗೆ ಅಲ್ಲಿ ಆಡಿ, ಹಾಗೇ ನಡೆದುಕೊಂಡು ಹೋಗಿ ವಿಮಾನ ಹತ್ತೋಣ ಅಂತ ಕೂತಿದ್ದಾಳೆ. ಹೊರಗಿನವರನ್ನು ಈಗಲೂ ಬಿಡುತ್ತಾರಾ ಅಂತ ಕೇಳಿ ಮೇಲ್ ಹಾಕಿದ್ದಾಳೆ, ಉತ್ತರ ಬಂದಿಲ್ಲ. ಬೆವರಿನ ಬಟ್ಟೆ ಯಾರು ಪ್ಯಾಕ್ ಮಾಡ್ತಾರೆ, ಕ್ಯಾಡಿ ಇರ್ತಾರಾ, ಎಷ್ಟು ಹೊತ್ತಿಗೆ ಚೆಕ್-ಇನ್, ನಾನು ಒಂದೊಂದಾಗಿ ಕೇಳಿದೆ. ಬ್ಯಾಂಕಿನ ಗೆಳತಿ ಶೀಟಿನಲ್ಲಿ ಅದಕ್ಕೆ ಸಾಲು ಹಾಕಲು ಒಪ್ಪಿಲ್ಲ. ‘ಕೆಂಪು ದೀಪಕ್ಕೆ ನಿಲ್ಲೋದೇನು ದೊಡ್ಡ ವಿಷಯ ಕಣ್ರೇ, ನಾವೇನು ಬೆಂಗಳೂರಿನವರಾ?’ ಅಂತ ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾಳೆ ಡಾಕ್ಟರು. ಗುಡುಗಿಗೇ ಹೆದರುವ ಅತ್ತಿಗೆಗೆ ತಲೆಯ ಮೇಲೆ ವಿಮಾನ ಇಳಿಯುವ ವಿಷಯ ಇನ್ನೂ ಯಾರೂ ಹೇಳಿಲ್ಲ.